ನೀಲಾಳಿಗೆ ನಾನು ಬಿಡಿಸಿದ ಗುಳಿಗೆ

ಕೊರೊನಾ ಗಲಾಟೆ ತಣ್ಣಗಾಗಿ ಎರಡನೆಯ ವರ್ಷದ ಮಾತು. ದೀಪಾವಳಿಗೆ ಇನ್ನು ಹನ್ನೆರಡು ದಿನ ಇತ್ತು. ಇಳಕಲ್ಲಿನ ನಮ್ಮ ನೇಕಾರ ಓಣಿಯಲ್ಲಿ ಆ ದಿನಗಳಲ್ಲಿ ಯಾರನ್ನು ಕರೆದರೂ ‘ಆಮ್ಯಾಲ ಬರ್ತೇನಿ’ ಎಂಬ ಉತ್ತರವೇ ಬರುತ್ತದೆ. ಎಲ್ಲರೂ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಾರೆ. ನಮ್ಮ ಪಡಸಾಲೆಯಲ್ಲೂ ಎರಡು ಮಗ್ಗ. ಒಂದು ನನ್ನದು, ಇನ್ನೊಂದು ನನ್ನ ನೆಗೆಣ್ಣಿ ನೀಲಾಳದು. ನಡುವೆ ಮೂರು ಮೊಳ ಅಂತರ. ಆ ಮೂರು ಮೊಳದ ಆಚೆ ಕೂತವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ.

ನೀಲಾ ನನ್ನ ಮೈದುನ ಬಸುವಿನ ಹೆಂಡತಿ, ಗುಡೂರಿನವಳು. ಒಕ್ಕಲುತನದ ಮನೆಯಿಂದ ಬಂದವಳಿಗೆ ಮದುವೆಯಾದ ಹೊಸತರಲ್ಲಿ ಲಾಳಿ ಹಿಡಿಯಲೂ ಬರುತ್ತಿರಲಿಲ್ಲ. ಕಲಿಸಿದವಳು ನಾನು. ಇಳಕಲ್ ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ನಾವು ಕೊಂಡಿ ಎನ್ನುತ್ತೇವೆ. ಒಂದು ಎಳೆ ತಪ್ಪಿದರೂ ಸೆರಗು ಮುಖ ಸೊಟ್ಟ ಮಾಡುತ್ತದೆ. ಅವಳ ಬೆರಳು ಹಿಡಿದು, ಬೈದು, ಒಮ್ಮೊಮ್ಮೆ ಕೈಮೇಲೆ ಒಂದು ಕೊಟ್ಟು, ಒಂದು ವರ್ಷ ಕೂತು ಕಲಿಸಿದೆ. ಎರಡನೆಯ ವರ್ಷ ಅವಳು ನನಗಿಂತ ಚೆನ್ನಾಗಿ ಕೊಂಡಿ ಹಾಕತೊಡಗಿದಳು.

ನಮ್ಮ ಅತ್ತೆಗೆ ಕಣ್ಣು ಮಂಜು. ಸೀರೆ ಮಗ್ಗದಿಂದ ಇಳಿದ ಮೇಲೆ ಕೊಂಡಿ ಹಾಕಿದ ಜಾಗದಲ್ಲಿ ಅಂಗೈ ಆಡಿಸಿ, ಇದು ಯಾರ ಕೈ ಎಂದು ಹೇಳುವುದು ಅವರಿಗೆ ಒಂದು ಆಟ. ನನ್ನ ಸೀರೆ ಮುಟ್ಟಿ, “ಇದು ಗಿರಿಜಾಂದು. ಗಟ್ಟಿ ಐತಿ” ಎನ್ನುತ್ತಿದ್ದರು. ನೀಲಾಳದನ್ನು ಮುಟ್ಟಿ, “ಇದರಾಗ ಕೊಂಡಿ ಎಲ್ಲೈತಿ ಅನ್ನೂದ ತಿಳಿಯೂದಿಲ್ಲ ನೋಡವಾ!” ಎಂದು ಮತ್ತೆ ಮತ್ತೆ ಅಂಗೈ ಆಡಿಸುತ್ತಿದ್ದರು. ನನ್ನದು ಗಟ್ಟಿಯಂತೆ. ಕಟಕ್ ರೊಟ್ಟಿಗೆ ಹೇಳುವ ಮಾತು ಅದು. ನಾನು ಒಳಗೆ ಹೋಗಿ ಪಾತ್ರೆಗಳ ಸದ್ದು ಮಾಡುತ್ತಿದ್ದೆ.

ಅಂದಿನಿಂದ ನಾನು ಅವಳೊಂದಿಗೆ ಬೇಕಾದಷ್ಟೇ ಮಾತಾಡಿದೆ. ‘ನೀರು ಬಂತು’, ‘ಹಿಟ್ಟು ಮುಗದೈತಿ’, ‘ನಿನ್ನ ಫೋನ್ ಬಡಕೊಳ್ಳಾಕತ್ತೈತಿ’, ಇಷ್ಟೇ. ಆದರೆ ನೋಡುವುದನ್ನು ಮಾತ್ರ ಬಿಡಲಿಲ್ಲ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆ. ಅವಳು ಎಷ್ಟು ಹೊತ್ತಿಗೆ ಮಗ್ಗಕ್ಕೆ ಇಳಿದಳು, ಎಷ್ಟು ಸಲ ಎದ್ದಳು, ಯಾವ ಬೆರಳಿನಿಂದ ಎಳೆ ಹೊಸೆಯುತ್ತಾಳೆ, ಎಲ್ಲ ನನಗೆ ಗೊತ್ತು. ಎಲ್ಲಾದರೂ ಒಂದು ತಪ್ಪು ಸಿಗಲಿ ಎಂದು ಏಳು ವರ್ಷ ಕಾದೆ.

ಆ ವರ್ಷ ನೀಲಾಳ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತು. ಥೈರಾಯ್ಡ್ ಗ್ರಂಥಿಯಲ್ಲಿ ಗಡ್ಡೆ ಎಂದರು. ಗಣಪತಿ ಕಳಿಸಿದ ಮರುವಾರ ಬಾಗಲಕೋಟೆಯಲ್ಲಿ ಆಪರೇಷನ್ ಆಯಿತು. ಗ್ರಂಥಿಯನ್ನು ಪೂರ್ತಿ ತೆಗೆದರು. ಮನೆಗೆ ಕಳಿಸುವಾಗ ಡಾಕ್ಟರು ಮುಂಜಾನೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಗುಳಿಗೆ, ಊಟದ ಮೇಲೆ ದಿನಕ್ಕೆ ಮೂರು ದೊಡ್ಡ ಬಿಳಿ ಗುಳಿಗೆ, ಅದರ ಜೊತೆಗೆ ಒಂದು ಕೆಂಪು ಕ್ಯಾಪ್ಸೂಲ್ ಬರೆದುಕೊಟ್ಟರು. ನಾವು ಹೇಳುವ ತನಕ ಯಾವುದನ್ನೂ ಬಿಡಬೇಡಿ ಎಂದು ಎರಡು ಸಲ ಹೇಳಿದರು. ಬಸು ತಲೆಯಾಡಿಸಿದ. ನಾನೂ ಅಲ್ಲೇ ಇದ್ದೆ.

ಮನೆಗೆ ಬಂದ ಮೇಲೆ ಅತ್ತೆಗೆ ಅದೊಂದೇ ಧ್ಯಾನ. “ನೀಲಾ, ಗುಳಿಗಿ ತಗೊಂಡ್ಯಾ?” ಎಂದು ದಿನಕ್ಕೆ ಮೂರು ಸಲ. ಗುಳಿಗೆಯ ಹಿಂದೆ ಒಂದು ಲೋಟ ಹಾಲು. ಹಾಲಿನ ಹಿಂದೆ, “ಸ್ವಲ್ಪ ಅಡ್ಡಾಗವಾ, ಗಿರಿಜಾ ಮಾಡ್ತಾಳ ಬಿಡು.” ಗಿರಿಜಾ ಮಾಡಿದಳು. ಮಾಡುತ್ತಾ ಹಲ್ಲು ಕಡಿದಳು. ನನಗೂ ಎರಡು ವರ್ಷದ ಹಿಂದೆ ಗರ್ಭಕೋಶದ ಆಪರೇಷನ್ ಆಗಿತ್ತು. ಆಗ ಹಾಲಿನ ಲೋಟ ಎಲ್ಲಿಗೆ ಹೋಗಿತ್ತೋ ಆ ದೇವರಿಗೇ ಗೊತ್ತು.

ಇಷ್ಟಾದರೂ ತಡೆದುಕೊಂಡಿದ್ದೆ. ಆಮೇಲೆ ನಮಗೆ ಕೆಲಸ ಕೊಡುವ ಸೀರೆ ಮಾಲೀಕರು ಬಂದರು. ಬಾದಾಮಿಯ ಒಂದು ಮನೆತನದವರು ಮದುಮಗಳಿಗೆ ಅಕ್ಕಿಕಾಳಿನ, ಎಂದರೆ ಅಕ್ಷತೆ ಬೀಳುವ, ಹೊತ್ತಿಗೆ ಉಡಿಸಲು ದಾಳಿಂಬೆ ಬಣ್ಣದ ಸೀರೆ ಹೇಳಿದ್ದರು. ಕೆಂಪು ರೇಷ್ಮೆಯ ಸೆರಗು. ಅಂಥ ಸೀರೆ ನೇಯುವುದು ನಮ್ಮ ಓಣಿಯಲ್ಲಿ ಒಂದು ಮರ್ಯಾದೆ. ಮಾಲೀಕರು ನೂಲಿನ ಗಂಟು ಹಿಡಿದು ಒಳಗೆ ಬಂದಾಗ ನಾನು ಮಗ್ಗದಿಂದ ಎದ್ದು ನಿಂತೆ. ಅವರು ನನ್ನನ್ನು ದಾಟಿ ಹೋದರು.

“ನೀಲವ್ವ, ಆರಾಮ ಆದೇನವಾ? ಇದು ನಿನ್ನ ಕೈಲೆ ಆಗಬೇಕ ನೋಡು. ಸಾವಕಾಶ ಮಾಡು, ಆದ್ರ ನೀನ ಮಾಡು.”

ಮೈಯಲ್ಲಿ ನೆಟ್ಟಗೆ ಶಕ್ತಿ ಇಲ್ಲದವಳಿಗೆ ಕೊಡುತ್ತಾರೆ, ಎದುರಿಗೆ ಗಟ್ಟಿಮುಟ್ಟಾಗಿ ನಿಂತವಳಿಗೆ ಇಲ್ಲ! ಆ ದಿನ ನನಗೆ ಊಟ ಸೇರಲಿಲ್ಲ. ಅತ್ತೆ ಏನಾಯಿತೆಂದು ಕೇಳಿದರು. ಪಿತ್ತ ಎಂದೆ.

ಮರುದಿನ ಸೋಮವಾರ. ಅತ್ತೆ ಮಠಕ್ಕೆ ಹೋಗಿದ್ದರು. ನೀಲಾ ಊಟ ಮಾಡಿ ಬಿಳಿ ಗುಳಿಗೆಯ ಹಾಳೆ ತೆಗೆದುಕೊಂಡಳು. ನಾನು ಒಲೆಯ ಮುಂದಿನಿಂದ ಎದ್ದು ಬಂದು ಅವಳನ್ನು ಕರೆದೆ. “ನೀಲಾ, ಬಾ ಇಲ್ಲಿ. ನನ್ನ ಬಾಜೂ ಕುಂದ್ರು. ಕುತಗಿ ಇನ್ನೂ ನೋಯ್ತೈತೇನ?”

ಅವಳು ಬೆರಗಾಗಿ ನೋಡಿ, ಬಂದು ಕೂತಳು. ನಾನು ನೀರು ಕಾಯಿಸುವ ಪಾತ್ರೆಯನ್ನು ತಂದು ಅವಳ ಮುಂದೆ ಓರೆಯಾಗಿ ಹಿಡಿದೆ. ನಮ್ಮ ಬೋರಿನ ನೀರು ಕಾದು ಕಾದು ಪಾತ್ರೆಯ ಒಳಗೆ ಬಿಳಿ ಪದರು ಕಟ್ಟುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೂ ಪೂರ್ತಿ ಬಿಡುವುದಿಲ್ಲ. ಓಣಿಯಲ್ಲಿ ಕಿಡ್ನಿಯಲ್ಲಿ ಹರಳು ಆಗದ ಮನೆ ಕಡಿಮೆ. ನನ್ನ ಗಂಡನೇ ಒಂದು ಸಲ ಹರಳಿನ ನೋವಿಗೆ ನೆಲದ ಮೇಲೆ ಹೊರಳಾಡಿದ್ದು ಅವಳೂ ನೋಡಿದ್ದಳು.

“ನೋಡು, ನೀರಾಗಿನ ಸುಣ್ಣನ ಇಷ್ಟ ಐತಿ. ಈ ಗುಳಿಗೀನೂ ಸುಣ್ಣದ್ದ. ದಿನಕ್ಕ ಮೂರು ನುಂಗಿದ್ರ ನಿಮ್ಮ ಭಾವಗ ಆದಂಗ ನಿನಗೂ ಹರಳ ಆಗ್ತಾವ. ಗಾಯ ಮಾದೈತಿ, ಇನ್ಯಾಕ ಬೇಕು? ಬಿಟ್ಟಬಿಡು.”

“ಡಾಕ್ಟರು ಬಿಡಬ್ಯಾಡ ಅಂದಾರಲ್ಲಕ್ಕಾ.”

“ಡಾಕ್ಟರು ಬಾಗಲಕೋಟ್ಯಾಗ ಕುಂತಾರ. ಇಲ್ಲಿ ನೀರು ಅವರೇನ ಕುಡೀತಾರ?”

ಅವಳು ಗುಳಿಗೆಯ ಹಾಳೆಯನ್ನು ತಿರುವಿ ತಿರುವಿ ನೋಡಿದಳು. ಆಮೇಲೆ, “ಆತಕ್ಕಾ” ಎಂದಳು.

ಹರಳಿನ ಭಯ ನನಗೆ ಇದ್ದದ್ದು ಖರೆ. ಈ ಊರಿನಲ್ಲಿ ಯಾರನ್ನು ಕೇಳಿದರೂ ಸುಣ್ಣವೇ ಹರಳಾಗುತ್ತದೆ ಎನ್ನುತ್ತಾರೆ, ನಾನೂ ಹಾಗೆಯೇ ನಂಬಿದ್ದೆ. ಆದರೆ ಆ ದಿನ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿದ್ದು ಹರಳಿನ ಭಯವಲ್ಲ. ಗುಳಿಗೆ ನಿಂತರೆ ಅವಳು ರೋಗಿಯಲ್ಲ. ರೋಗಿಯಲ್ಲದಿದ್ದರೆ ಹಾಲಿಲ್ಲ, ‘ಅಡ್ಡಾಗವಾ’ ಇಲ್ಲ, ‘ಗಿರಿಜಾ ಮಾಡ್ತಾಳ’ ಇಲ್ಲ. ಅಷ್ಟೇ ನನಗೆ ಬೇಕಾಗಿದ್ದದ್ದು. ಇದರಿಂದ ಅವಳಿಗೆ ಏನಾದರೂ ಆಗಲಿ ಎಂದು ಬಯಸಿರಲಿಲ್ಲ. ಏನೂ ಆಗದಿರಲಿ ಎಂದೂ ಯೋಚಿಸಿರಲಿಲ್ಲ.

ಅತ್ತೆ ಬೈಯುತ್ತಾರೆಂದು ನೀಲಾ ಗುಳಿಗೆಯ ಹಾಳೆಗಳನ್ನು ನೂಲಿನ ಬುಟ್ಟಿಯ ತಳದಲ್ಲಿ ಇಟ್ಟಳು. ಕೆಂಪು ಕ್ಯಾಪ್ಸೂಲೂ ಅಲ್ಲಿಗೇ ಹೋಯಿತು. ಮುಂಜಾನೆಯ ಸಣ್ಣ ಗುಳಿಗೆ ಮಾತ್ರ ತೆಗೆದುಕೊಳ್ಳುತ್ತಿದ್ದಳು. ಅತ್ತೆ “ತಗೊಂಡ್ಯಾ?” ಎಂದರೆ “ಹೂಂ” ಎನ್ನುತ್ತಿದ್ದಳು. ಹಾಲಿನ ಲೋಟ ನಾನು ಅಂದುಕೊಂಡಂತೆ ನಿಲ್ಲಲಿಲ್ಲ. ಅದು ನನಗೆ ಇನ್ನೊಂದು ಉರಿ.

ಬುಧವಾರ ಅವಳು ಸೆರಗಿನಿಂದ ತುಟಿ ಒರೆಸಿಕೊಳ್ಳುವುದನ್ನು ನೋಡಿದೆ. ಖಾರ ಹತ್ತಿದವರ ಹಾಗೆ ಮತ್ತೆ ಮತ್ತೆ. “ಅಕ್ಕಾ, ತುಟಿ ಸುತ್ತ ಇರಿವಿ ಹರದಂಗ ಆಗಾಕತ್ತೈತಿ” ಎಂದಳು. ನಾನು ಕೇಳಿಸದವಳಂತೆ ಲಾಳಿ ಎಳೆದೆ. ಗುರುವಾರ ಬಾದಾಮಿಯ ಸೀರೆಗೆ ಕೊಂಡಿ ಹಾಕಲು ಕೂತಳು. ಬೆರಳ ತುದಿ ಜೋಮು ಹಿಡಿದಂತೆ ಆಗುತ್ತಿದೆ ಎಂದು ಕೈ ಝಾಡಿಸುತ್ತಿದ್ದಳು. ಮೂರು ಸಲ ಎಳೆ ಕೈಜಾರಿತು. ನಾನು ಎಣಿಸಿದೆ, ಮೂರು ಸಲ! ಏಳು ವರ್ಷದಲ್ಲಿ ಅವಳ ಕೈಯಿಂದ ಎಳೆ ಜಾರಿದ್ದನ್ನು ನಾನು ಕಂಡಿರಲಿಲ್ಲ. ಆ ದಿನ ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ತಿಂದೆ.

ಶುಕ್ರವಾರ ಅವಳ ಮೀನಖಂಡಕ್ಕೆ ಪೆಡಸು ಹಿಡಿಯಿತು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರಿಗೆ ಇದು ಆಗುವುದೇ ಎಂದು ಅತ್ತೆ ಎಳ್ಳೆಣ್ಣೆ ಕಾಯಿಸಿ ತಿಕ್ಕಿದರು.

ಶನಿವಾರ ಮುಂಜಾನೆ ನನ್ನ ಗಂಡ ಮಾಲೀಕರ ಬೇರೆ ಸೀರೆಗಳ ಗಂಟು ಕಟ್ಟಿಕೊಂಡು ಬಾದಾಮಿಯ ಅಂಗಡಿಗೆ ಹೋಗಿದ್ದರು. ನಾವಿಬ್ಬರೂ ಮಗ್ಗದಲ್ಲಿ ಕೂತಿದ್ದೆವು. ಹತ್ತು ಗಂಟೆ ಇರಬೇಕು, ನೀಲಾಳ ಮಗ್ಗದ ಸದ್ದು ನಿಂತಿತು. ನಾನು ಓರೆಗಣ್ಣಿನಲ್ಲಿ ನೋಡಿದೆ. ಅವಳು ಎರಡೂ ಕೈಗಳನ್ನು ಮುಂದೆ ಚಾಚಿ ದಿಟ್ಟಿಸುತ್ತಿದ್ದಳು.

“ಅಕ್ಕಾ, ಕೈ ಬಿಚ್ಚವಲ್ವು.”

ಬಳೆಗಾರ ಸಣ್ಣ ಬಳೆ ಏರಿಸುವಾಗ ನಾವು ಕೈ ಮುದುಡಿ ಕೊಡುತ್ತೇವಲ್ಲ, ಹೆಬ್ಬೆರಳು ಅಂಗೈಯೊಳಗೆ, ಉಳಿದ ನಾಲ್ಕೂ ಬೆರಳು ನೆಟ್ಟಗೆ ಒಂದಕ್ಕೊಂದು ಅಂಟಿಕೊಂಡು, ಥೇಟ್ ಹಾಗೆ ಇದ್ದವು ಅವಳ ಕೈಗಳು. ಮಣಿಕಟ್ಟು ಬಾಗಿತ್ತು. ನಾನು ಒಂದು ಬೆರಳು ಹಿಡಿದು ಬಿಡಿಸಲು ನೋಡಿದೆ. ಕಟ್ಟಿಗೆಯ ಹಾಗಿತ್ತು. ಅವಳು ನೋವಿನಿಂದ ಕಿರುಚಿದಳು. ಎಚ್ಚರ ಪೂರ್ತಿ ಇತ್ತು, ಎಲ್ಲರನ್ನೂ ಗುರುತಿಸುತ್ತಿದ್ದಳು, ಕೈ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ.

ಓಣಿಯ ಹೆಂಗಸರು ಕೂಡಿದರು. ಒಬ್ಬರು ಮೂರ್ಛೆ ರೋಗ ಎಂದು ಕೀಲಿಕೈ ಗೊಂಚಲು ಹಿಡಿಸಲು ಬಂದರು. ಹಿಡಿಸುವುದೆಲ್ಲಿ? ಕೈ ತೆರೆಯಬೇಕಲ್ಲ. ಅತ್ತೆ ಅಳುತ್ತಾ, “ಯಾರದೋ ಕಣ್ಣ ಬಿದ್ದಾವ. ಬಾದಾಮಿ ಸೀರಿ ಬಂದಾಗಿಂದ ಓಣಿ ಮಂದೆಲ್ಲಾ ಅಕಿ ಕೈ ನೋಡಾಕತ್ತಾರ. ಗಿರಿಜಾ, ನೀ ಹಿರೇ ಸೊಸಿ, ನೀನ ದೃಷ್ಟಿ ತೆಗಿ” ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಯಾರ ಕಣ್ಣು ಎಂದು ಹುಡುಕುವ ಅಗತ್ಯವೇ ಇರಲಿಲ್ಲ. ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಹಿಡಿದು ಅವಳ ತಲೆಯಿಂದ ಕಾಲಿನವರೆಗೆ ಮೂರು ಸಲ ಇಳಿಸಿ ಕೆಂಡಕ್ಕೆ ಹಾಕಿದೆ. ನಮ್ಮಲ್ಲಿ ಒಂದು ನಂಬಿಕೆ ಇದೆ. ದೃಷ್ಟಿ ಇಲ್ಲದಿದ್ದರೆ ಮೆಣಸಿನ ಘಾಟಿಗೆ ಎಲ್ಲರೂ ಕೆಮ್ಮುತ್ತಾರೆ. ದೃಷ್ಟಿ ಜೋರಾಗಿದ್ದರೆ ಘಾಟೇ ಬರುವುದಿಲ್ಲ. ಮೆಣಸಿನಕಾಯಿ ಸುಟ್ಟು ಕಪ್ಪಾಯಿತು. ಯಾರೂ ಕೆಮ್ಮಲಿಲ್ಲ. ಬಾಗಿಲು ಕಿಟಕಿ ತೆರೆದಿದ್ದವು, ಮೆಣಸಿನಕಾಯಿ ಹಳೆಯದಿತ್ತು ಎಂದು ಈಗ ಹೇಳಬಹುದು. ಆಗ ನಾನು ಕೆಂಡದ ಮೇಲೆ ನೀರು ಸುರಿದುಬಿಟ್ಟೆ.

ಅಷ್ಟರಲ್ಲಿ ಬಸು ಬಂದ. ಹೆಂಡತಿಯ ಕೈ ನೋಡಿದವನೇ ಓಣಿಯ ಟಂಟಂ ಆಟೋ ತರಿಸಿದ. ಬಾಗಲಕೋಟೆಗೇ ಹೋಗೋಣ, ಆಪರೇಷನ್ ಮಾಡಿದವರು ಅಲ್ಲೇ ಇದ್ದಾರೆ ಎಂದ. ಅವಸರದಲ್ಲಿ ದವಾಖಾನೆಯ ಫೈಲು ಮರೆತ. ನೀಲಾಳ ತಲೆ ನನ್ನ ತೊಡೆಯ ಮೇಲಿತ್ತು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳು ಉಸಿರು ಎಳೆದಾಗ ಗಂಟಲಿನಿಂದ ಸೀಟಿ ಹೊಡೆದಂಥ ಸದ್ದು ಬರತೊಡಗಿತು. ಒಂದೊಂದು ಉಸಿರಿಗೂ ಕುತ್ತಿಗೆಯ ಗಾಯದ ಮೇಲಿನ ಕುಳಿ ಒಳಕ್ಕೆ ಜಗ್ಗುತ್ತಿತ್ತು. ಅವಳ ಕಣ್ಣು ನನ್ನ ಮೇಲೆಯೇ ಇದ್ದವು. ಬಾಗಲಕೋಟೆ ತಲುಪುವುದಿಲ್ಲ ಎಂದು ನನಗೆ ಗೊತ್ತಾಯಿತು. “ಬಸು, ಹುನಗುಂದದಾಗ ನಿಂದರಸು. ಮುಂದ ಹೋಗೂದ ಬ್ಯಾಡ” ಎಂದು ಕೂಗಿದೆ.

ಹುನಗುಂದದ ದವಾಖಾನೆಯಲ್ಲಿ ಒಬ್ಬ ಎಳೆಯ ವಯಸ್ಸಿನ ಲೇಡಿ ಡಾಕ್ಟರ್ ಇದ್ದರು. ಮೈಸೂರು ಕಡೆಯವರು, ಪುಸ್ತಕದ ಹಾಗೆ ಮಾತಾಡುತ್ತಿದ್ದರು. ಮೂಗಿಗೆ ಆಕ್ಸಿಜನ್ ಹಾಕಿಸಿ ಕೈ ನೋಡಿದರು, ಕುತ್ತಿಗೆಯ ಗಾಯ ನೋಡಿದರು.

“ಥೈರಾಯ್ಡ್ ಆಪರೇಷನ್ ಆಗಿದೆಯಾ? ಕ್ಯಾಲ್ಸಿಯಂ ಮಾತ್ರೆ ತಗೋತಿದ್ದಾರಾ?”

ಬಸು ಎದೆ ತಟ್ಟಿ ಹೇಳಿದ. “ಒಂದೂ ತಪ್ಪಿಸಿಲ್ರಿ ಮೇಡಂ. ನಮ್ಮವ್ವ ದಿನಾ ಮೂರ ಸಲ ಕೇಳ್ತಾಳ. ಎಲ್ಲಾ ಬರೋಬ್ಬರಿ ತಗೋತಾಳ್ರಿ.”

ಡಾಕ್ಟರು ಹುಬ್ಬು ಗಂಟಿಕ್ಕಿದರು. “ಸರಿಯಾಗಿ ತಗೊಂಡಿದ್ರೆ ಕ್ಯಾಲ್ಸಿಯಂ ಇಷ್ಟು ಇಳಿಯೋದು ಕಷ್ಟ. ತಲೆಯದೇನಾದರೂ ತೊಂದರೆ ಇರಬಹುದು, ಸ್ಕ್ಯಾನ್ ಆಗಬೇಕು. ಬಾಗಲಕೋಟೆಗೆ ಕಳಿಸ್ತೀನಿ, ಆಂಬುಲೆನ್ಸಿಗೆ ಹೇಳಿ” ಎಂದು ನರ್ಸಿನ ಕಡೆ ತಿರುಗಿದರು.

ನಾನು ಬಾಗಿಲ ಬಳಿ ನಿಂತಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನೂಲಿನ ಬುಟ್ಟಿಯ ತಳದಲ್ಲಿ ಏನಿದೆ ಎಂದು ತಿಳಿದವರು ಇಬ್ಬರೇ. ಒಬ್ಬಳಿಗೆ ಮಾತಾಡಲು ಉಸಿರಿರಲಿಲ್ಲ. ಬಾಯಿಬಿಟ್ಟರೆ ಮೈದುನನ ಮುಂದೆ, ಅತ್ತೆಯ ಮುಂದೆ, ಓಣಿಯ ಮುಂದೆ ನಾನು ಏನಾಗುತ್ತೇನೆ ಎಂದು ಲೆಕ್ಕ ಹಾಕಿದೆ. ಖಂಡಿತ ಹಾಕಿದೆ. ಆಗ ಮತ್ತೆ ಆ ಸೀಟಿಯ ಸದ್ದು ಬಂತು.

“ಅವ ಹೇಳಿದ್ದು ಖರೆ ಅಲ್ರಿ” ಎಂದೆ. “ಸೋಮವಾರದಿಂದ ಬಿಳಿ ಗುಳಿಗಿ ತಗೊಂಡಿಲ್ರಿ. ಕೆಂಪ ಕ್ಯಾಪ್ಸೂಲೂ ಇಲ್ಲ. ಮುಂಜಾನಿ ಸಣ್ಣದು ಅಷ್ಟ ತಗೋತಾಳ್ರಿ.”

ಬಸು ನನ್ನನ್ನೇ ನೋಡಿದ. ಡಾಕ್ಟರು ಒಂದು ಹೆಜ್ಜೆ ನನ್ನ ಕಡೆ ಬಂದರು.

“ಸರಿಯಾಗಿ ಗೊತ್ತಾ ನಿಮಗೆ?”

“ಸೋಮವಾರ ಮುಂಜಾನಿ ನಾಷ್ಟಾ ಆದ ಮ್ಯಾಲ ತಗೊಂಡದ್ದ ಕಡೀದ್ರಿ. ಬುಧವಾರ ತುಟಿ ಸುತ್ತ ಇರಿವಿ ಹರದಂಗ ಅಂದ್ಲು. ಗುರುವಾರ ಬೆರಳ ತುದಿ ಜೋಮು. ಮೂರ ಸಲ ಎಳಿ ಜಾರ್ತು. ಬಲಗೈ ತೋರಬೆರಳ ಮದಲ ಹಿಡೀತು. ಶುಕ್ರವಾರ ಮೀನಖಂಡ. ಇವತ್ತ ಹತ್ತಕ್ಕ ಎರಡೂ ಕೈ.”

ನಾನು ಹೇಳುತ್ತಾ ಹೋದಂತೆ ಅವರು ನೀಲಾಳ ಕಿವಿಯ ಮುಂದೆ, ಕೆನ್ನೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರು. ತಟ್ಟಿದಾಗಲೆಲ್ಲ ತುಟಿಯ ಅಂಚು ತಾನಾಗಿ ಪಟಪಟನೆ ಅದುರಿತು. ನರ್ಸಿಗೆ ಸ್ಕ್ಯಾನಿನ ಮಾತು ಬಿಡಿ ಎಂದು ಹೇಳಿ, ಪರೀಕ್ಷೆಗೆ ರಕ್ತ ತೆಗೆಸಿ, ಎದೆಗೆ ತಂತಿ ಹಚ್ಚಿ, ಕ್ಯಾಲ್ಸಿಯಂ ಇಂಜೆಕ್ಷನ್ ತರಿಸಿದರು. ಕೈಗೆ ಸೂಜಿ ಚುಚ್ಚುತ್ತಾ ಹಿಂತಿರುಗಿ ನೋಡದೆ ಕೇಳಿದರು.

“ಯಾರು ನಿಲ್ಲಿಸು ಅಂದಿದ್ದು?”

“ನಾನರಿ.”

ಬಸು ಗೋಡೆಯ ಕಡೆ ತಿರುಗಿ ನಿಂತ. ಬೈದಿದ್ದರೆ ಚೆನ್ನಾಗಿತ್ತು.

ಇಂಜೆಕ್ಷನ್ನನ್ನು ಒಮ್ಮೆಲೇ ಕೊಡಲಿಲ್ಲ. ಎದೆಬಡಿತ ತೋರಿಸುವ ಪರದೆಯ ಮೇಲೆ ಒಂದು ಕಣ್ಣು, ಗಡಿಯಾರದ ಮೇಲೆ ಒಂದು ಕಣ್ಣು ಇಟ್ಟು, ಹನಿಹನಿಯಾಗಿ ಬಿಟ್ಟರು. ನಾನು ಅವಳ ಬಲಗೈ ನೋಡುತ್ತಾ ನಿಂತೆ. ಮೊದಲು ಸೀಟಿಯ ಸದ್ದು ಸಣ್ಣಗಾಯಿತು. ಆಮೇಲೆ ಕಿರುಬೆರಳು ಅಲುಗಾಡಿತು. ಅದರ ಪಕ್ಕದ್ದು. ನಡುವಿನದು. ತೋರುಬೆರಳು ಬಹಳ ಹೊತ್ತು ಸತಾಯಿಸಿತು. ಕೊನೆಗೆ ಹೆಬ್ಬೆರಳು ಅಂಗೈಯಿಂದ ಹೊರಗೆ ಬಂತು. ಅವಳು ಕೈ ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿದಳು. ಆ ಬೆರಳುಗಳನ್ನು ನಾನು ಎಷ್ಟೋ ಸಲ ನೋಡಿದ್ದೆ. ಅವು ಚೆನ್ನಾಗಿರಲಿ ಎಂದು ಬಯಸಿ ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ರಕ್ತದ ವರದಿ ಬಂತು. ಕ್ಯಾಲ್ಸಿಯಂ ಬಹಳ ಕೆಳಗೆ ಇಳಿದಿತ್ತು. ಡಾಕ್ಟರು ನಮ್ಮನ್ನು ಕೂಡಿಸಿಕೊಂಡು ಹೇಳಿದರು. ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡು ಅಕ್ಕಿಕಾಳಿನಷ್ಟೇ ನಾಲ್ಕು ಪುಟ್ಟ ಗ್ರಂಥಿಗಳು ಇರುತ್ತವಂತೆ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೋ ಅಷ್ಟೇ ಇರುವಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ಆಪರೇಷನ್ನಿನಲ್ಲಿ ಅವಕ್ಕೆ ಪೆಟ್ಟು ಬಿದ್ದರೆ ಕೆಲವು ದಿನ, ಕೆಲವರಿಗೆ ಜೀವನಪೂರ್ತಿ, ಹೊರಗಿನಿಂದ ಕೊಡಬೇಕಾಗುತ್ತದೆ.

“ಸುಣ್ಣ ಎಲುಬಿಗಷ್ಟೇ ಅಲ್ಲೇನ್ರಿ?” ಎಂದು ಬಸು ಕೇಳಿದ.

“ಎಲುಬಿಗೂ ಬೇಕು. ಆದರೆ ರಕ್ತದಲ್ಲಿ ಕರಗಿರೋ ಸ್ವಲ್ಪ ಇದೆಯಲ್ಲ, ನರ, ಸ್ನಾಯು, ಹೃದಯ ಎಲ್ಲ ಕೆಲಸ ಮಾಡೋದು ಅದರಿಂದ. ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಇವೂ ಹಾಗೇ. ಎಲ್ಲ ಲವಣಗಳೇ. ಯಾವುದೂ ಜಾಸ್ತಿ ಆಗಬಾರದು, ಯಾವುದೂ ಕಡಿಮೆ ಆಗಬಾರದು. ಕ್ಯಾಲ್ಸಿಯಂ ಕಡಿಮೆ ಆದರೆ ನರಗಳಿಗೆ ಸುಮ್ಮನಿರೋಕೇ ಬರಲ್ಲ. ಕೈ ಹಿಡಿಯುತ್ತೆ, ಗಂಟಲು ಹಿಡಿಯುತ್ತೆ. ಇನ್ನೂ ತಡವಾಗಿದ್ದರೆ ಹೃದಯವೇ ಲಯ ತಪ್ಪುತ್ತಿತ್ತು.”

ನನಗೆ ಮಗ್ಗದ ಹಾಸು ನೆನಪಾಯಿತು. ಬಿಗಿ ಹೆಚ್ಚಾದರೆ ಎಳೆ ಕಡಿಯುತ್ತದೆ, ಸಡಿಲಾದರೆ ಲಾಳಿ ಸಿಕ್ಕಿಕೊಳ್ಳುತ್ತದೆ. ಅದನ್ನು ನೀಲಾಳಿಗೆ ಹೇಳಿಕೊಟ್ಟವಳು ನಾನೇ.

“ಮತ್ತ ಹರಳು?” ಎಂದು ನಾನು ಮೆಲ್ಲಗೆ ಕೇಳಿದೆ.

“ಹೆಚ್ಚಾದರೆ ಹರಳಿನ ತೊಂದರೆ ಆಗಬಹುದು. ಅದಕ್ಕೇ ಆಗಾಗ ರಕ್ತ ನೋಡಿ ಅಳತೆ ಬದಲಾಯಿಸೋದು. ಅಳತೆ ಮಾಡೋದು ನಾವು, ನೀವಲ್ಲ” ಎಂದರು. ಆಮೇಲೆ ದನಿ ಸ್ವಲ್ಪ ಮೆತ್ತಗೆ ಮಾಡಿ, “ತಪ್ಪು ಮಾಡಿದ್ದೀರಿ, ನಿಜ. ಆದರೆ ಇಷ್ಟು ದಿನದಲ್ಲಿ ಒಬ್ಬ ರೋಗಿಯ ವಿಷಯ ಇಷ್ಟು ಸ್ಪಷ್ಟವಾಗಿ ಹೇಳಿದವರನ್ನ ನಾನು ನೋಡಿಲ್ಲ. ಯಾವ ದಿನ, ಯಾವ ಬೆರಳು! ಗಂಡನಿಗೇ ಗೊತ್ತಿರಲಿಲ್ಲ. ನೀವು ಅವರ ಸ್ವಂತ ಅಕ್ಕನಾ? ಬಹಳ ಪ್ರೀತಿಯಿಂದ ನೋಡಿಕೊಳ್ತೀರಿ ಅನ್ಸುತ್ತೆ” ಎಂದರು.

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಪ್ರೀತಿಯಿಂದ ನೋಡಿದವರಿಗೆ ಏನೂ ಕಂಡಿರಲಿಲ್ಲ. ಅತ್ತೆ ಪ್ರೀತಿಯಿಂದ ಕೇಳಿದರು, ‘ಹೂಂ’ ಎಂದದ್ದನ್ನು ನಂಬಿದರು. ಬಸು ಪ್ರೀತಿಯಿಂದ ನಂಬಿದ. ನಂಬದೆ, ಬಿಡದೆ, ಬುಟ್ಟಿಯ ತಳದವರೆಗೆ ನೋಡಿದ್ದು ನನ್ನ ಹೊಟ್ಟೆಕಿಚ್ಚು. “ನೆಗೆಣ್ಣಿರಿ” ಎಂದಷ್ಟೇ ಹೇಳಿ ಹೊರಗೆ ಬಂದೆ.

ಸಂಜೆ ಅವಳನ್ನು ಬಾಗಲಕೋಟೆಗೆ ಕರೆದೊಯ್ದು ಎರಡು ದಿನ ಇಟ್ಟುಕೊಂಡರು. ಮರುದಿನ ಬೆಳಗ್ಗೆ ಬಸು ಚಹಾ ತರಲು ಹೋದಾಗ ನಾನು ಅವಳ ಮಂಚದ ಪಕ್ಕ ಕೂತೆ.

“ನೀಲಾ, ಆ ಹರಳಿನ ಮಾತು ನಿನ್ನ ಚಲೋದಕ್ಕ ಹೇಳಿದ್ದಲ್ಲ. ನನಗ ನಿನ್ನ ಕಂಡ್ರ ಹೊಟ್ಟಿ ಉರೀತೈತಿ. ನಿನ್ನ ಕೈ ಕಂಡ್ರ ಉರೀತೈತಿ. ಅದಕ್ಕ ಹೇಳಿದೆ.”

ಅವಳು ಸೀಲಿಂಗ್ ಫ್ಯಾನ್ ನೋಡುತ್ತಾ ಮಲಗಿದ್ದಳು. “ನನಗೂ ಹಂಗ ಅನಿಸಿತ್ತಕ್ಕಾ” ಎಂದಳು.

“ಅನಿಸಿದ್ರೂ ಯಾಕ ಬಿಟ್ಟಿ ಗುಳಿಗಿ?”

ಅವಳು ಹೊದಿಕೆಯ ಅಂಚನ್ನು ಬೆರಳಿನಿಂದ ಹೊಸೆದಳು. ಆಮೇಲೆ ಹೇಳಿದಳು. “ಕೊಂಡಿ ಕಲಿಸೂದ ಮುಗದ ಮ್ಯಾಲ ನೀ ನನ್ನ ಬಾಜೂ ಕುಂದ್ರಿಸ್ಕೊಂಡು ಮಾತಾಡಿದ್ದು ಆವತ್ತ ಮದಲ. ಒಲ್ಲೆ ಅಂದ್ರ ಎದ್ದ ಹೋಗ್ತಿ ಅಂತ ಅಂಜಿಕಿ ಆತು.”

ನನಗೆ ಅಳು ಬರಲಿಲ್ಲ. ಬಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಬಸು ಚಹಾ ತಂದ, ನಾನು ಬಸಿಯಲ್ಲಿ ಆರಿಸಿ ಅವಳಿಗೆ ಕುಡಿಸಿದೆ.

ಬಾದಾಮಿಯ ಸೀರೆಯ ಕೊಂಡಿ ಅರ್ಧಕ್ಕೆ ನಿಂತಿತ್ತು. ಉಳಿದರ್ಧ ನಾನು ಹಾಕಿದೆ. ಅವಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಸೀರೆ ಇಳಿದ ದಿನ ಅತ್ತೆ ಅಂಗೈ ಆಡಿಸಿದರು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ, ನಡುವೆ ಒಂದು ಜಾಗದಲ್ಲಿ ಕೈ ನಿಲ್ಲಿಸಿ, “ಇಲ್ಲಿಂದ ಗಿರಿಜಾ” ಎಂದರು. ಮಾಲೀಕರು ಬಂದು ಸೆರಗು ಬಿಚ್ಚಿ ನೋಡಿ, “ನೀಲವ್ವ, ಭಾಳ ಚಂದ ಆಗೈತಿ” ಎಂದರು. ಎದೆಯೊಳಗೆ ಮತ್ತೆ ಅದೇ ಚುಚ್ಚು. ಸಾವಿನ ಬಾಗಿಲಿನಿಂದ ಅವಳನ್ನು ಕರೆತಂದ ಮೇಲೆ ಹೊಟ್ಟೆಕಿಚ್ಚು ಸುಟ್ಟು ಬೂದಿಯಾಗಿರುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

ಬಸು ಎಂಟು ತಿಂಗಳು ನನ್ನೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ಅತ್ತೆಗೆ ಹೇಳಲೂ ಇಲ್ಲ. ಹೇಳಬೇಡ ಎಂದವಳು ನೀಲಾ ಎಂದು ಆಮೇಲೆ ಗೊತ್ತಾಯಿತು. ಅವಳ ಆ ನಾಲ್ಕು ಪುಟ್ಟ ಗ್ರಂಥಿಗಳು ಚೇತರಿಸಿಕೊಳ್ಳಲಿಲ್ಲ. ಇನ್ನು ಗುಳಿಗೆ ಜೀವನಪೂರ್ತಿ. ದಿನಕ್ಕೆ ಮೂರು ಸಲ ನಾನೇ ಕೊಡುತ್ತೇನೆ, ನುಂಗುವ ತನಕ ಎದುರಿಗೆ ನಿಲ್ಲುತ್ತೇನೆ. ಅತ್ತೆ, “ನೋಡ್ರಿ, ಹಿರೇ ಸೊಸಿ ಎಷ್ಟ ಜ್ವಾಕಿಲೆ ನೋಡ್ಕೋತಾಳ” ಎಂದು ಬಂದವರ ಮುಂದೆ ಹೇಳುತ್ತಾರೆ. ನೀಲಾ ನನ್ನ ಮುಖ ನೋಡುವುದಿಲ್ಲ, ಲೋಟದೊಳಗೆ ನೋಡಿ ನಗುತ್ತಾಳೆ.

ಮೂರು ಮೊಳದ ಆಚೆ ಅವಳ ಬೆರಳು ಈಗಲೂ ನೋಡುತ್ತೇನೆ. ಅಸೂಯೆಯಿಂದಲೋ ಅಂಜಿಕೆಯಿಂದಲೋ ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಹೋದ ಪಂಚಮಿಗೆ ಬಳೆಗಾರ ಬಂದಿದ್ದ. ನೀಲಾ ಹಸಿರು ಬಳೆ ಆರಿಸಿ ಅವನ ಮುಂದೆ ಕೈ ಚಾಚಿದಳು. ಹೆಬ್ಬೆರಳು ಅಂಗೈಯೊಳಗೆ, ನಾಲ್ಕೂ ಬೆರಳು ಒಂದಕ್ಕೊಂದು ಅಂಟಿಕೊಂಡು. ಡಜನ್ ಬಳೆ ಏರಿ, ಅವಳು ಕೈ ಬಿಚ್ಚಿ “ಹೆಂಗ ಕಾಣ್ತಾವಕ್ಕಾ?” ಎಂದು ಕೇಳುವ ತನಕ ನಾನು ಉಸಿರು ಬಿಟ್ಟಿರಲಿಲ್ಲ.